ವಾಟರ್ ಕೂಲರ್ ಕಡತದ ಒಂಬತ್ತು ಲಕೋಟೆಗಳು

ಬ್ಯಾಗಿನಲ್ಲಿ ಇರಬೇಕಾದದ್ದು ಇರಲಿಲ್ಲವಾದ್ದರಿಂದ ಚಂದ್ರಮೋಹನ ಅದರೊಳಗೆ ಎರಡು ಹಳೆಯ ದಿನಪತ್ರಿಕೆಗಳನ್ನು ಮಡಿಚಿ ತುರುಕಿದ್ದ. ಖಾಲಿ ಬ್ಯಾಗು ಹೆಗಲಿಂದ ಜೋತು ಬೀಳುವ ರೀತಿ ನೋಡಿಯೇ ಹೆಂಡತಿ ದೇವಕಿಗೆ ಎಲ್ಲ ತಿಳಿದುಬಿಡುತ್ತದೆ ಎಂಬುದು ಅವನ ಅಂಜಿಕೆ. ಭಾನುವಾರ ಬೆಳಿಗ್ಗೆ ಆರು ಗಂಟೆಗೇ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನ ಅಡುಗೆಮನೆ ಕಾದುಹೋಗಿತ್ತು. ಜೂನ್ ತಿಂಗಳ ದೆಹಲಿಯಲ್ಲಿ ಸೂರ್ಯ ವಾರದ ರಜೆ ತೆಗೆದುಕೊಳ್ಳುವವನಲ್ಲ. ದೇವಕಿ ಕೋಡುಬಳೆಯ ಡಬ್ಬಿಯನ್ನು ಬ್ಯಾಗಿಗೆ ಇಳಿಸಲು ಬಂದಾಗ ಅವನು ಅದನ್ನು ಅವಳ ಕೈಯಿಂದ ಹೆಚ್ಚುಕಡಿಮೆ ಕಸಿದುಕೊಂಡು ತಾನೇ ಇಟ್ಟುಕೊಂಡ. “ಲಕೋಟೆಗೆ ಎಣ್ಣೆ ಅಂಟೀತು ಅಂತ ಎರಡು ಪ್ಲಾಸ್ಟಿಕ್ ಸುತ್ತಿದೀನಿ,” ಎಂದಳು ಅವಳು. ಆ ಮುತುವರ್ಜಿ ಅವನಿಗೆ ಚುಚ್ಚಿತು. ಮೂವತ್ತನಾಲ್ಕು ವರ್ಷ ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಟೆಂಡರ್ ವಿಭಾಗ ನೋಡಿಕೊಂಡವನು, ಒಂದು ಗುಂಡುಸೂಜಿಯನ್ನೂ ಮನೆಗೆ ತಾರದವನು, ಈಗ ಹೆಂಡತಿಯಿಂದ ಎರಡು ಹಳೆಯ ಪೇಪರುಗಳನ್ನು ಬಚ್ಚಿಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದ. ಮೆಟ್ಟಿಲಿಳಿಯುವಾಗ ಮಂಡಿ ಎಂದಿನಂತೆ ಕಟಕಟ ಎಂದಿತು.

ಕಳೆದುಹೋದ ಲಕೋಟೆಗಳು ಒಂಬತ್ತು. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ ಫೈನಲ್ ಸರಣಿ ಪ್ರತಿ ವರ್ಷ ಜೂನಿನಲ್ಲಿ ಶುರುವಾಗುತ್ತದೆ. ಏಳು ಪಂದ್ಯಗಳಲ್ಲಿ ಮೊದಲು ನಾಲ್ಕು ಗೆದ್ದವರು ಚಾಂಪಿಯನ್. ಅದು ಶುರುವಾಗುವ ಮುಂಚೆ ಅವನ ಮಗಳು ಹರಿಣಿ ಮತ್ತು ಅವಳ ಎಂಟು ಮಂದಿ ಗೆಳೆಯರು, ಎಲ್ಲರೂ ಕನ್ನಡದ ಮನೆಗಳ ಮಕ್ಕಳು, ನೋಯ್ಡಾ ಗುರುಗ್ರಾಮಗಳ ಆಫೀಸುಗಳಲ್ಲಿ ದುಡಿಯುವವರು, ಒಬ್ಬೊಬ್ಬರೂ ಮೂರು ಸಾಲು ಬರೆಯುತ್ತಾರೆ. ಯಾವ ತಂಡ, ಎಷ್ಟು ಪಂದ್ಯ, ಏನು ಕಾರಣ. ಅದನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಮುಚ್ಚಿದ ಅಂಚಿನ ಮೇಲೆ ಸಹಿ ಮಾಡಿ ಚಂದ್ರಮೋಹನನ ವಶಕ್ಕೆ ಒಪ್ಪಿಸುತ್ತಾರೆ. ಸರಣಿ ಮುಗಿದ ಬೆಳಿಗ್ಗೆ ಇಂದಿರಾಪುರಂನಲ್ಲಿರುವ ಅನೂಪನ ಫ್ಲಾಟಿನಲ್ಲಿ, ಎಲ್ಲರ ಸಮಕ್ಷಮದಲ್ಲಿ, ಅವನು ಒಂದೊಂದನ್ನೇ ಎತ್ತಿ ತೋರಿಸಿ, ಮುದ್ರೆ ಮುರಿದಿಲ್ಲವೆಂದು ಖಾತ್ರಿ ಮಾಡಿಸಿ ಒಡೆಯುತ್ತಾನೆ. ಸರಿಯಾಗಿ ಊಹಿಸಿದವರಿಗೆ ಸಿಗುವುದು ಒಂದು ಸವೆದ ಕಿತ್ತಳೆ ಚೆಂಡು. ಅದರ ಮೇಲೆ ಗೆದ್ದವರ ಸಹಿ ಇರುತ್ತದೆ. ಹರಿಣಿಯ ಸಹಿ ಇನ್ನೂ ಬಿದ್ದಿಲ್ಲ. ಈ ವರ್ಷ ಎರಡೂ ತಂಡಗಳು ಮೂರು ಮೂರು ಗೆದ್ದು ಕೂತಿವೆ. ಏಳನೆಯ, ಕೊನೆಯ ಪಂದ್ಯ ಈಗ, ಈ ಬೆಳಿಗ್ಗೆಯೇ, ಭೂಮಿಯ ಆ ಕಡೆ ನಡೆಯುತ್ತಿದೆ.

ಸರೋಜಿನಿ ನಗರದ ಹತ್ತಿರ ಕ್ಯಾಬು ಸಿಗ್ನಲ್ಲಿಗೆ ನಿಂತಾಗ ಅವನು ಕನ್ನಡಕದ ಡಬ್ಬಿಯನ್ನು ಶರಟಿನ ಮೇಲಿಂದಲೇ ಒತ್ತಿ ನೋಡಿಕೊಂಡ. ಇತ್ತು. ಅದು ಬೇರೆಯದೇ ವಿಷಯ, ಅದರ ಬಗ್ಗೆ ಯೋಚಿಸಬಾರದು. ಯೋಚಿಸಬೇಕಾದದ್ದು ಶುಕ್ರವಾರದ ಸಂಜೆಯ ಬಗ್ಗೆ. ಲಕೋಟೆಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದಿತ್ತು, ಆದರೆ ಮನೆಯಲ್ಲಿ ಹರಿಣಿ ಇದ್ದಾಳೆ, ಅವಳೂ ಸ್ಪರ್ಧಿ. ನಾಳೆ ಯಾರಾದರೂ ಬೆರಳು ತೋರಿಸಿದರೆ? ಹಾಗಾಗಿ ಆಫೀಸಿನ ಉಕ್ಕಿನ ಬೀರು. ಬೀರುವಿನಲ್ಲೂ ಎದುರಿಗೇ ಇಟ್ಟರೆ ಯಾರಾದರೂ ಕೇಳಿಯಾರು ಎಂದು, ಹದಿನೈದು ವರ್ಷದ ಹಿಂದೆ ಮುಚ್ಚಿಹೋಗಿದ್ದ ಒಂದು ಕಡತದೊಳಗೆ, ‘ಮೂರನೇ ಮಹಡಿಗೆ ವಾಟರ್ ಕೂಲರ್ ಖರೀದಿ’ ಎಂಬ ಕಡತದೊಳಗೆ, ಅವನ್ನು ಸೇರಿಸಿ ಟೇಪು ಕಟ್ಟಿದ್ದ. ವಾಟರ್ ಕೂಲರ್ ಕಡತವನ್ನು ಬಿಚ್ಚಿ ನೋಡುವ ಮನುಷ್ಯ ಹುಟ್ಟಿಲ್ಲ ಎಂದು ತನ್ನ ಜಾಣತನಕ್ಕೆ ತಾನೇ ತಲೆದೂಗಿದ್ದ. ನಡುವೆ ಹಳೆಯ ಕಡತಗಳ ವಿಲೇವಾರಿ ಅಭಿಯಾನ ಬಂತು. ಹತ್ತು ವರ್ಷಕ್ಕೆ ಮೇಲ್ಪಟ್ಟವೆಲ್ಲ ಹರಿದು ರದ್ದಿಗೆ. ಇನ್ನೂರ ಹನ್ನೆರಡು ಕಡತಗಳ ಪಟ್ಟಿಗೆ, ಪುಟ ಪುಟಕ್ಕೆ, ನಾಶಪಡಿಸಬಹುದು ಎಂದು ಸಹಿ ಹಾಕಿದವನು ಯಾರು? ಶುಕ್ರವಾರ ಸಂಜೆ ಖಾಲಿ ಬೀರುವಿನ ಮುಂದೆ ನಿಂತು ಅವನು ಪಟ್ಟಿಯನ್ನು ತರಿಸಿ ನೋಡಿದ. ನಲವತ್ತೇಳನೆಯ ಸಾಲು, ವಾಟರ್ ಕೂಲರ್, ಪಕ್ಕದಲ್ಲಿ ಅವನದೇ ಸಹಿ, ಎಂದಿನ ಹಾಗೆ ಕೊನೆಗೊಂದು ಬಾಲ ಎಳೆದದ್ದು. ಇಡೀ ಮಂತ್ರಾಲಯದಲ್ಲಿ ಬಯ್ಯಲು ಬೇರೊಬ್ಬನಿಲ್ಲದ ಸ್ಥಿತಿ ಅದು.

“ಅಂಕಲ್‌ಜೀ, ಏಸೀ ಸಾಕಾ, ಇನ್ನೂ ತೇಜ್ ಮಾಡ್ಲಾ?” ಎಂಬರ್ಥದ ಮಾತನ್ನು ಡ್ರೈವರ್ ಹಿಂದಿಯಲ್ಲಿ ಕೇಳಿದ. ಹಿಂದಿನ ಸೀಟಿನವನು ಬೆವರುತ್ತಿದ್ದದ್ದು ಕನ್ನಡಿಯಲ್ಲಿ ಕಂಡಿರಬೇಕು. “ಠೀಕ್ ಹೈ ಭಯ್ಯಾ,” ಎಂದು ಚಂದ್ರಮೋಹನ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಗೊಂದು ಇಯರ್‌ಫೋನು ಸಿಕ್ಕಿಸಿಕೊಂಡ. ಪಂದ್ಯ ಶುರುವಾಗಿ ಹತ್ತು ನಿಮಿಷ. ಬೆಟ್ಟದವರು ಆರು ಅಂಕ ಹಿಂದೆ. ಅಮೆರಿಕದ ಊರುಗಳ ಹೆಸರು ಅವನ ಬಾಯಿಗೆ ಹತ್ತುವುದಿಲ್ಲವಾದ್ದರಿಂದ ಒಂದು ತಂಡವನ್ನು ಅವರ ಊರಿನ ಹಿಂದಿರುವ ಬೆಟ್ಟದಿಂದಲೂ ಇನ್ನೊಂದನ್ನು ಬಂದರಿನಿಂದಲೂ ಗುರುತು ಹಾಕಿಕೊಂಡಿದ್ದ. ಒಮ್ಮೆ ಲಕೋಟೆ ಒಡೆಯುವಾಗ ಬಾಯಿತಪ್ಪಿ ಹಾಗೆ ಅಂದಿದ್ದೇ ತಡ, ಹುಡುಗರಿಗೆ ಅದು ಹಿಡಿಸಿ ಈಗ ಎಲ್ಲರೂ ಬೆಟ್ಟದವರು, ಬಂದರಿನವರು ಎಂದೇ ಹೇಳುತ್ತಾರೆ. ಇಂಥ ಸಣ್ಣ ಗೆಲುವುಗಳನ್ನು ಅವನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ಅವನು ಪಂದ್ಯ ನೋಡುತ್ತಾನೆ ಎಂಬುದೂ ಯಾರಿಗೂ ಗೊತ್ತಿಲ್ಲ. ಲಕೋಟೆಗಳ ಪಾಲಕನಿಗೆ ಆಟದಲ್ಲಿ ಆಸಕ್ತಿ ಇರಬಾರದು ಎಂದು ಅವನೇ ಮಾಡಿದ ನಿಯಮ, ಅದಕ್ಕೇ ಪ್ರತಿ ವರ್ಷದಂತೆ ಪಂದ್ಯ ಮುಗಿದ ಮೇಲೆ ಹೋಗಿ, “ಏನಾಯ್ತಪ್ಪಾ, ಯಾರು ಗೆದ್ರು?” ಎಂದು ಈ ಸಲವೂ ಏನೂ ತಿಳಿಯದವನಂತೆ ಕೇಳುವವನಿದ್ದ.

ಕಳೆದ ಚಳಿಗಾಲದಲ್ಲಿ ಡಾಕ್ಟರು ಮಂಡಿಯ ಕಾರಣಕ್ಕೆ ಬೆಳಗಿನ ವಾಕಿಂಗ್ ನಿಲ್ಲಿಸಿ ಪ್ರಾಣಾಯಾಮ ಮಾಡಿ ಅಂದದ್ದೇ ಇದಕ್ಕೆ ಮೂಲ. ಬಾಲ್ಕನಿಯಲ್ಲಿ ಚಾಪೆ ಹಾಸಿ ಕೂತರೆ ಉಸಿರು ಎಳೆದು ಬಿಡುವುದರಲ್ಲಿ ಎಷ್ಟು ಹೊತ್ತು ಕಳೆಯಲು ಸಾಧ್ಯ? ಹರಿಣಿಯ ಟ್ಯಾಬ್ಲೆಟ್ಟು ಅಲ್ಲೇ ಚಾರ್ಜಿಗೆ ಇರುತ್ತಿತ್ತು. ಒಂದು ದಿನ ಬೆರಳು ತಾಗಿ ಪಂದ್ಯ ಹತ್ತಿಕೊಂಡಿತು. ಬೆಟ್ಟದವರ ಬೆಂಚಿನಲ್ಲಿ ಒಬ್ಬ ಬೋಳುತಲೆಯ ಆಟಗಾರನಿದ್ದ. ಮೂವತ್ತೆಂಟು ವರ್ಷ, ಆ ಆಟದಲ್ಲಿ ಅದು ನಿವೃತ್ತಿ ದಾಟಿದ ವಯಸ್ಸು. ಪಂದ್ಯಕ್ಕೆ ನಾಲ್ಕು ನಿಮಿಷ ಆಡಿದರೆ ಹೆಚ್ಚು. ಆದರೆ ಯಾವ ಹುಡುಗ ಸುಸ್ತಾಗಿ ಹೊರಗೆ ಬಂದರೂ, ಚೆನ್ನಾಗಿ ಆಡಿ ಬಂದರೂ, ಹಾಳುಮಾಡಿಕೊಂಡು ಬಂದರೂ, ಬೆಂಚಿನಿಂದ ಮೊದಲು ಎದ್ದು ನಿಲ್ಲುವವನು ಅವನು. ಟವೆಲು ಹಿಡಿದು ನಿಂತಿರುತ್ತಾನೆ. ಉಳಿದವರು ಅವನನ್ನು ನೋಡಿ ಏಳುತ್ತಾರೆ. ಚಂದ್ರಮೋಹನ ಎರಡು ಬಾರಿ ಬಡ್ತಿ ಕೈತಪ್ಪಿದವನು. ತಾನೇ ಕೆಲಸ ಕಲಿಸಿದ ಹುಡುಗ ಡೆಪ್ಯುಟಿ ಸೆಕ್ರೆಟರಿಯಾಗಿ ಬಂದ ದಿನ ಎದ್ದು ನಿಲ್ಲುವಾಗ ತನ್ನ ಕುರ್ಚಿ ಎಷ್ಟು ಸದ್ದು ಮಾಡಿತ್ತೆಂದು ಅವನಿಗೆ ನೆನಪಿತ್ತು. ಈ ಮನುಷ್ಯ ಎದ್ದು ನಿಲ್ಲುವಾಗ ಅಂಥ ಸದ್ದಿಲ್ಲ. ಅಂದಿನಿಂದ ಬೆಟ್ಟದವರು ಸೋತರೆ ಆಫೀಸಿನ ಊಟ ಸೇರುತ್ತಿರಲಿಲ್ಲ. ದೇವಕಿ ಪ್ರಾಣಾಯಾಮದಿಂದ ಗಂಡನ ಮುಖದಲ್ಲಿ ಕಳೆ ಬಂದಿದೆ ಎಂದು ತಂಗಿಗೆ ಫೋನು ಮಾಡಿ ಹೇಳಿದ್ದಳು.

ಸರಾಯ್ ಕಾಲೇ ಖಾನ್ ದಾಟಿ ಕ್ಯಾಬು ಯಮುನೆಯ ಸೇತುವೆ ಹತ್ತಿತು. ಎರಡನೆಯ ಕ್ವಾರ್ಟರ್, ಬೆಟ್ಟದವರು ಹನ್ನೊಂದು ಹಿಂದೆ. ಏನು ಹೇಳುವುದು ಅವರಿಗೆ? ಶುಕ್ರವಾರದಿಂದ ಮೂರು ಉಪಾಯ ಹೊಳೆದಿದ್ದವು. ಹೊಸ ಲಕೋಟೆ ಕೊಂಡು ಒಳಗೆ ಏನೋ ಬರೆದು ಇಡುವುದು. ಅದಕ್ಕೆ ಕೈ ಬರಲಿಲ್ಲ. ಜ್ವರ ಎಂದು ಮಲಗುವುದು. ಅದಕ್ಕೆ ದೇವಕಿ ಬಿಡುವುದಿಲ್ಲ. ಮೂರನೆಯದು ಅವನು ಬದುಕಿಡೀ ಟೆಂಡರುಗಳ ಕೊನೆಯಲ್ಲಿ ಹಾಕುತ್ತ ಬಂದ ಸಾಲು: ಯಾವುದೇ ಕಾರಣ ನೀಡದೆ ಇಡೀ ಪ್ರಕ್ರಿಯೆಯನ್ನು ರದ್ದುಪಡಿಸುವ ಹಕ್ಕನ್ನು ಕಾಯ್ದಿರಿಸಿಕೊಳ್ಳಲಾಗಿದೆ. ಅನೂಪನ ಸೋಫಾದ ಮುಂದೆ ನಿಂತು ಈ ಸಾಲು ಹೇಳುವ ತನ್ನನ್ನು ಊಹಿಸಿಕೊಂಡು ಅವನಿಗೇ ನಗು ಬಂತು, ನಗುವಿನ ಬೆನ್ನಿಗೇ ಅಳುವಿನಂಥದ್ದೂ ಬಂತು. ಯಾಕೆಂದರೆ ನಾಲ್ಕು ವರ್ಷದ ಹಿಂದೆ ಅವನು ಹರಿಣಿಯನ್ನು ಅಲ್ಲಿಗೆ ಬಿಡಲು ಹೋಗಿ ಕೆಳಗೇ ಉಳಿದಿದ್ದ. ಮೇಲೆ ಬಾ ಎಂದು ಅವಳು ಕರೆದಿರಲಿಲ್ಲ, ಅವನು ಕೇಳಿರಲಿಲ್ಲ. ಗೇಟಿನವನು ಕೌನ್ ಸಾ ಫ್ಲ್ಯಾಟ್ ಎಂದು ಮೂರು ಸಲ ಕೇಳಿದ್ದಕ್ಕೆ ಯಾವುದೂ ಇಲ್ಲ, ಸುಮ್ಮನೆ ಕೂತಿದ್ದೇನೆ ಎಂದು ಒಂದು ಗಂಟೆ ಸಿಮೆಂಟಿನ ಬೆಂಚಿನ ಮೇಲೆ ಕೂತಿದ್ದ. ಆಮೇಲೆ ಮೇಲಿನಿಂದ ಹರಿಣಿಯ ಫೋನು. ಸರಣಿಗೆ ಮುಂಚೆ ಯಾರೋ ಊಹಿಸಿ ಹೇಳಿದ್ದು ಒಂದು, ಮುಗಿದ ಮೇಲೆ ಹೇಳಿಕೊಂಡದ್ದು ಇನ್ನೊಂದು, ಜಗಳ ಹತ್ತಿತ್ತು. “ಅಪ್ಪಾ, ನೀವು ಟೆಂಡರ್ ಮಾಡ್ತೀರಲ್ಲ, ಚೀಟಿಂಗ್ ಆಗ್ದೇ ಇರೋಕೆ ಏನ್ ಮಾಡ್ತಾರೆ? ಮೇಲೆ ಬಂದು ಹೇಳಿ.” ಮಗಳು ಅವನ ನೌಕರಿಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಅವನು ಲಿಫ್ಟಿನಲ್ಲಿ ಹದಿನಾಲ್ಕು ಮಹಡಿಯೂ ಉತ್ತರವನ್ನು ಬಾಯಲ್ಲಿ ಜೋಡಿಸಿಕೊಂಡು ಹೋಗಿದ್ದ. ಈ ಲಕೋಟೆಗಳ ಮರ್ಯಾದೆ ಹೋದರೆ ಮತ್ತೆ ಆ ಸಿಮೆಂಟಿನ ಬೆಂಚೇ ಗತಿ.

ಗಾಜೀಪುರದ ಕಸದ ಗುಡ್ಡ ಎಡಕ್ಕೆ ಕಾಣುವಾಗ ನಾಲ್ಕನೆಯ ಉಪಾಯ ಹೊಳೆಯಿತು, ಅದೂ ರೂಲಿನ ಪ್ರಕಾರವೇ. ಕಡತ ಕಳೆದುಹೋದರೆ ಸರ್ಕಾರ ನಿಂತುಹೋಗುವುದಿಲ್ಲ. ಕಡತವನ್ನು ಮರುರಚನೆ ಮಾಡುತ್ತಾರೆ. ಬೇರೆ ವಿಭಾಗಗಳ ಪ್ರತಿ, ಹಳೆಯ ಗುಮಾಸ್ತರ ನೆನಪು, ಸಿಕ್ಕಿದ್ದನ್ನೆಲ್ಲ ಸೇರಿಸಿ ಮೇಲೆ ‘ಮರುರಚಿತ’ ಎಂದು ಬರೆದು ಮುಂದುವರಿಸುತ್ತಾರೆ. ಅದರಲ್ಲಿ ಮೋಸವಿಲ್ಲ, ಮೇಲೆ ಬರೆದಿರುತ್ತದಲ್ಲ. ಅವನು ದಿನಪತ್ರಿಕೆಯ ಬಿಳಿ ಅಂಚನ್ನು ಉದ್ದಕ್ಕೆ ಹರಿದುಕೊಂಡು, ಮರುರಚಿತ ಎಂದು ಬರೆದು ಅಡಿಗೆರೆ ಎಳೆದ. ಇವರೊಬ್ಬೊಬ್ಬರೂ ಏನು ಬರೆದಿರುತ್ತಾರೆಂದು ತನಗೆ ಗೊತ್ತಿಲ್ಲವೇ? ಮೂರು ವರ್ಷ ಇವರ ಕಾರಣಗಳನ್ನು ಗಟ್ಟಿಯಾಗಿ ಓದಿದವನು. ಕಿಶನ್: ಸದ್ದು ಎಲ್ಲಿ ಹೆಚ್ಚೋ ಅಲ್ಲಿ. ವರ್ಷಕ್ಕೊಂದು ಫೋನು ಬದಲಿಸುತ್ತಾನೆ, ಸೋತ ತಂಡದ ಜೆರ್ಸಿಯನ್ನು ಮರುದಿನವೇ ಕಾರು ಒರೆಸಲು ಹಾಕುತ್ತಾನೆ. ಬಂದರಿನವರು, ನಾಲ್ಕೇ ಪಂದ್ಯ, ಕಾರಣ: ನೋ ಡಿಸ್ಕಷನ್. ಅದಿತಿ ಬ್ಯಾಂಕಿನಲ್ಲಿ ಅಂಕಿಅಂಶ ನೋಡುವವಳು, ಹೋಟೆಲಿನಲ್ಲಿ ದೋಸೆ ಆರಿಸುವುದಕ್ಕೂ ಸರಾಸರಿ ತೆಗೆಯುತ್ತಾಳೆ. ಬೆಟ್ಟದವರು, ಆರು ಪಂದ್ಯ, ಕಾರಣ ಶೇಕಡಾವಾರು. ಅನೂಪ ಮತ್ತು ಅವನ ಹೆಂಡತಿ ಗಾನವಿ ಒಂದೇ ಊಟದ ಮೇಜಿನ ಮೇಲೆ ಕೂತು ಬರೆಯುತ್ತಾರೆ, ಒಬ್ಬರದನ್ನು ಒಬ್ಬರು ಇಣುಕುತ್ತಾರೆ. ಅವಳು ಬೆಟ್ಟ ಅಂದರೆ ಅವನು ಬಂದರು, ಮನೆಯಲ್ಲಿ ಒಬ್ಬರಾದರೂ ಗೆಲ್ಲಲಿ ಎಂಬ ಒಳಒಪ್ಪಂದ. ಬರೆಯುತ್ತ ಹೋದಂತೆ ಅವನಿಗೆ ಖುಷಿಯಾಗತೊಡಗಿತು. ಇಷ್ಟು ಜನ ತನಗೆ ಇಷ್ಟು ಗೊತ್ತು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಒಂಬತ್ತನೆಯದು ಹರಿಣಿ. ಅಲ್ಲಿ ಯೋಚಿಸುವುದೇನಿದೆ, ಅವಳ ಕೋಣೆಯ ಗೋಡೆಯ ಮೇಲೆ ಹತ್ತನೆಯ ಕ್ಲಾಸಿನಿಂದಲೂ ಬಂದರಿನವರ ನೀಲಿ ಪೋಸ್ಟರಿದೆ. ಬಂದರಿನವರು, ಆರು, ಕಾರಣ: ಯಾವತ್ತಿನ ತಂಡ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಇಳಿದಾಗ ಇನ್ನೂ ಕೊನೆಯ ಕ್ವಾರ್ಟರ್ ಬಾಕಿಯಿತ್ತು. ನಿಯಮದಂತೆ ಪಂದ್ಯ ಮುಗಿಯದೆ ಮೇಲೆ ಹೋಗುವ ಹಾಗಿಲ್ಲ. ಸೊಸೈಟಿಯ ಪುಟ್ಟ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕ ಅದೇ ಸಿಮೆಂಟಿನ ಬೆಂಚು. ಬಿಸಿಲಿಗೆ ಇನ್ನೂ ಕಾದಿರಲಿಲ್ಲ. ಬಳೆ ಮಾತ್ರ ಉಳಿದು ಬಲೆ ಹರಿದುಹೋದ ಒಂದು ಬಾಸ್ಕೆಟ್ಟು ಎದುರಿಗೆ ನಿಂತಿತ್ತು. ಚಂದ್ರಮೋಹನ ಕೂತು, ಲಕೋಟೆಗಳನ್ನೂ ಮಗಳನ್ನೂ ಮಂತ್ರಾಲಯವನ್ನೂ ಮರೆತು ಪಂದ್ಯ ನೋಡಿದ. ಬೆಟ್ಟದವರು ಎರಡೇ ಅಂಕ ಹಿಂದೆ ಇರುವಷ್ಟಕ್ಕೆ ಬಂದರು. ಕೊನೆಯ ಇಪ್ಪತ್ತು ಸೆಕೆಂಡು ಇರುವಾಗ ಒಬ್ಬ ಹುಡುಗ ಕಾಲು ಹೊರಳಿಸಿಕೊಂಡು ಕೂತ. ಕೋಚು ಬೆಂಚಿನ ಕಡೆ ನೋಡಿ ಬೋಳುತಲೆಯವನಿಗೆ ಕೈ ಮಾಡಿದ. ಅವನು ಟವೆಲನ್ನು ಮಡಿಚಿ ಪಕ್ಕಕ್ಕಿಟ್ಟು ಎದ್ದ. ಆ ಹೊತ್ತಿಗೆ ಹದಿನಾಲ್ಕನೆಯ ಮಹಡಿಯಿಂದ ಒಂದು ಹುಯಿಲೆದ್ದಿತು. ಚಂದ್ರಮೋಹನನ ಫೋನು ಟೀವಿಗಿಂತ ಅರ್ಧ ನಿಮಿಷ ಹಿಂದೆ ಓಡುತ್ತಿತ್ತು. ಮೇಲಿನವರಿಗೆ ಆಗಿಹೋದದ್ದು ಅವನಿಗಿನ್ನೂ ಆಗಬೇಕಿತ್ತು. ಏನೋ ಆಗುವುದಿದೆ ಎಂದು ಗೊತ್ತಿದ್ದು ಏನೆಂದು ಗೊತ್ತಿಲ್ಲದ ಆ ಅರ್ಧ ನಿಮಿಷದಲ್ಲಿ ಅವನು ಉಸಿರು ಬಿಟ್ಟಿದ್ದು ನೆನಪಿಲ್ಲ, ಪ್ರಾಣಾಯಾಮ ಅಂದರೆ ಅದೇ. ಬೋಳುತಲೆಯವನ ಕೈಗೆ ಚೆಂಡು ಸಿಕ್ಕಿತು. ತಾನು ಎಸೆಯದೆ ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದ ಹುಡುಗನಿಗೆ ದಾಟಿಸಿದ. ಹುಡುಗ ಎಸೆದ. ಮೂರು ಅಂಕ. ಬೆಟ್ಟದವರು ಒಂದು ಅಂಕದಿಂದ ಚಾಂಪಿಯನ್. ಚಂದ್ರಮೋಹನ ಬೆಂಚಿನಿಂದ ಎದ್ದು ನಿಂತಿದ್ದ, ಮಂಡಿ ಸದ್ದು ಮಾಡಿದ್ದು ಕೇಳಿಸಲಿಲ್ಲ. ಗೇಟಿನವನು ಇವನನ್ನೇ ನೋಡುತ್ತಿದ್ದ.

ಮೇಲೆ ಬಾಗಿಲು ತೆರೆದೇ ಇತ್ತು. ಸೋಫಾ, ನೆಲ, ಊಟದ ಮೇಜು ಎಲ್ಲ ಕಡೆ ಜನ, ಚಹಾದ ಲೋಟ. ಹಿಂದಿನ ರಾತ್ರಿಯೇ ಬಂದಿದ್ದ ಹರಿಣಿ ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ನೀಲಿ ಜೆರ್ಸಿ ಹಾಕಿರಲಿಲ್ಲ, ಮನೆಯ ಹಳೆಯ ಕುರ್ತಾ. “ಅಂಕಲ್ ಬಂದ್ರು, ಚಲೋ, ಸೀಲ್ ಒಡೀರಿ,” ಎಂದ ಅನೂಪ, ಮೇಜನ್ನು ಒರೆಸಿ ಜಾಗ ಮಾಡುತ್ತ. ಎಲ್ಲರ ಕಣ್ಣು ಬ್ಯಾಗಿನ ಮೇಲೆ. ಚಂದ್ರಮೋಹನ ಕೋಡುಬಳೆಯ ಡಬ್ಬಿಯನ್ನು ಹೊರಗೆ ತೆಗೆದ. ಆಮೇಲೆ ಎರಡು ದಿನಪತ್ರಿಕೆಗಳನ್ನು. ಆಮೇಲೆ ಬ್ಯಾಗನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಕೊಡವಿದ, ಒಂದು ಬಸ್ ಟಿಕೆಟು ಬಿತ್ತು. “ಲಕೋಟೆ ಇಲ್ಲ,” ಎಂದ. “ನಾನೇ ಕಳ್ಕೊಂಡೆ. ಆಫೀಸಿನ ಹಳೇ ಫೈಲಿನಲ್ಲಿ ಇಟ್ಟಿದ್ದೆ, ಆ ಫೈಲು ಹರಿದು ಹಾಕಿ ಅಂತ ನಾನೇ ಸಹಿ ಮಾಡಿದೆ. ಯಾರದೂ ತಪ್ಪಿಲ್ಲ, ನನ್ನದೇ.” ಹೇಳಿದ ಮೇಲೆ ಇಷ್ಟೇನಾ ಎನ್ನಿಸಿತು. ಎರಡು ದಿನ ನುಂಗಲಾರದೆ ಓಡಾಡಿದ್ದು ನಾಲ್ಕು ವಾಕ್ಯದಲ್ಲಿ ಮುಗಿದುಹೋಗಿತ್ತು.

ಮೊದಲು ಮಾತಾಡಿದವನು ಕಿಶನ್. “ಅಚ್ಛಾ, ಹಾಗಾದ್ರೆ ಕೇಳಿ, ನಾನು ಬರ್ದಿದ್ದು ಬೆಟ್ಟ, ಏಳು ಪಂದ್ಯ. ಬಾಲ್ ಕೊಡಿ ಇಲ್ಲಿ,” ಎಂದು ಕೈ ಚಾಚಿದ. ಎಲ್ಲರೂ ನಕ್ಕರು. ನಗುವಿನ ಮಧ್ಯೆ ಚಂದ್ರಮೋಹನ ಕಿಸೆಯಿಂದ ಕಾಗದದ ಪಟ್ಟಿ ತೆಗೆದು ಕನ್ನಡಕ ಹಾಕಿಕೊಂಡ. “ಕಡತ ಕಳೆದರೆ ಮರುರಚನೆ ಅಂತ ಮಾಡ್ತೀವಿ ನಾವು. ನಿಮ್ಮನ್ನ ನೆನೆಸಿಕೊಂಡು ಬರ್ದಿದೀನಿ. ತಪ್ಪಿದ್ರೆ ಹೇಳಿ. ಕಿಶನ್, ಬಂದರಿನವರು, ನಾಲ್ಕು ಪಂದ್ಯ, ಕಾರಣ, ನೋ ಡಿಸ್ಕಷನ್.” ಕಿಶನ್ ಚಾಚಿದ ಕೈಯನ್ನು ಹಾಗೇ ತಲೆ ಕೆರೆದುಕೊಳ್ಳಲು ಬಳಸಿದ. “ವರ್ಡ್ ಟು ವರ್ಡ್ ಅಂಕಲ್,” ಎಂದ ಸಣ್ಣಗೆ. ಅದಿತಿ, ಬೆಟ್ಟ, ಆರು, ಶೇಕಡಾವಾರು. ಅವಳು ಹೌದೆಂದು ತಲೆಯಾಡಿಸಿದಳು. ಅನೂಪ ಬಂದರು, ಗಾನವಿ ಬೆಟ್ಟ, ಐದು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡು ಸಿಕ್ಕಿಬಿದ್ದವರಂತೆ ನಕ್ಕರು. ಉಳಿದ ನಾಲ್ವರದೂ ಸರಿಯಾಯಿತು. ಒಂದೊಂದು ಹೆಸರಿಗೂ ಕೇಕೆ, ಚಪ್ಪಾಳೆ, ಲಕೋಟೆ ಒಡೆದ ವರ್ಷಗಳಲ್ಲೂ ಇಷ್ಟು ಗದ್ದಲವಾಗಿರಲಿಲ್ಲ. ಎಂಟನೆಯದು ಮುಗಿಯುವಾಗ ಕಿಶನ್ ಲೋಟ ಕೆಳಗಿಟ್ಟು, ನಗುತ್ತಲೇ, “ಅಂಕಲ್, ಸಚ್ ಹೇಳಿ, ಲಕೋಟೆ ಒಡೆದು ನೋಡಿದ್ರಿ ತಾನೆ? ಎಂಟಕ್ಕೆ ಎಂಟು ಹೇಗಾಗತ್ತೆ?” ಎಂದ.

ಅವನು ಕೆಟ್ಟ ಉದ್ದೇಶದಿಂದ ಕೇಳಿದ್ದಲ್ಲ. ಆದರೆ ಎಲ್ಲರಿಗೂ ಅದೇ ತೋರಿತ್ತು. ಇಲ್ಲ ಎನ್ನಲು ಚಂದ್ರಮೋಹನನ ಹತ್ತಿರ ಇದ್ದದ್ದು ಬರೀ ಇಲ್ಲ ಎಂಬ ಮಾತು. ಕಳೆದುಕೊಂಡವನು ಎನ್ನಿಸಿಕೊಳ್ಳಲು ಸಿದ್ಧವಾಗಿ ಬಂದಿದ್ದ, ಕದ್ದು ಓದಿದವನು ಎನ್ನಿಸಿಕೊಳ್ಳಲು ಅಲ್ಲ. ತನ್ನ ಖುಷಿಯೇ, ಇವರೆಲ್ಲ ನನಗೆ ಗೊತ್ತು ಎಂಬ ಆ ಸಣ್ಣ ಜಂಬವೇ, ಈಗ ಸಾಕ್ಷಿಯಾಗಿ ಎದುರು ನಿಂತಿತ್ತು.

“ನಂದು ಓದಿ ಅಪ್ಪಾ,” ಎಂದಳು ಹರಿಣಿ, ಕಟ್ಟೆಯಿಂದ ಇಳಿಯದೆ.

“ಹರಿಣಿ. ಬಂದರಿನವರು. ಆರು ಪಂದ್ಯ. ಯಾವತ್ತಿನ ತಂಡ.”

“ಗಲತ್. ತಪ್ಪು.” ಅವಳು ಕಿಶನ್ ಕಡೆ ತಿರುಗಿದಳು. “ಒಡೆದು ನೋಡಿದ್ರೆ ಮಗಳದ್ದು ಗೊತ್ತಿರ್ತಿರ್ಲಿಲ್ವಾ? ನಾನು ಬರ್ದಿದ್ದು ಬೆಟ್ಟ, ಏಳು.”

“ವಾಹ್,” ಎಂದ ಕಿಶನ್. “ಅಪ್ಪನೂ ಬಚಾವ್, ಬಾಲೂ ಮನೆಗೆ. ನಾನು ಅಂದಾಗ ನಕ್ರಲ್ಲ ಎಲ್ಲಾ.”

ಚಂದ್ರಮೋಹನ ಮಗಳ ಮುಖ ನೋಡಿದ. ತನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದು ಅವನಿಗೂ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯಾಯಿತು, ಆದರೂ ಅನ್ನಿಸುವುದು ನಿಲ್ಲಲಿಲ್ಲ. ಹತ್ತನೆಯ ಕ್ಲಾಸಿನ ಪೋಸ್ಟರು ಕಣ್ಣ ಮುಂದೆ ಬಂತು. ಅದರ ಅಂಚು ಕಿತ್ತು ಒಂದು ಮೂಲೆ ಜೋತುಬಿದ್ದಿದ್ದೂ, ಎಷ್ಟೋ ತಿಂಗಳಿಂದ ಯಾರೂ ಅಂಟಿಸದಿದ್ದದ್ದೂ ಈಗಷ್ಟೇ ನೋಡಿದಂತೆ ನೆನಪಾಯಿತು. “ಕಾರಣ?” ಎಂದು ಕೇಳಿದ. ಬೇರೇನೂ ತೋಚದೆ, ರೂಢಿಯಿಂದ.

“ಅಪ್ಪನ ಟೀಮ್,” ಎಂದಳು ಹರಿಣಿ. “ಅದೇ ಬರ್ದಿದ್ದೆ, ಪೂರಾ. ಅಪ್ಪನ ಟೀಮ್, ಮತ್ತೆ ಅಪ್ಪ ಯಾವ ಕೆಲಸಾನೂ ಲಾಸ್ಟ್ ಡೇಟ್‌ಗಿಂತ ಮುಂಚೆ ಮುಗ್ಸಲ್ಲ, ಸೋ ಏಳು.” ಅವಳು ಈಗ ಅವನನ್ನು ನೋಡದೆ ತನ್ನ ಕಾಲ್ಬೆರಳು ನೋಡುತ್ತಿದ್ದಳು. “ಎಲ್ಲರಿಗೂ ಹೇಳ್ತೀನಿ, ನಮ್ಮಪ್ಪ ಪ್ರಾಣಾಯಾಮ ಅಂತ ಬಾಲ್ಕನೀಲಿ ಕೂತು ಮ್ಯಾಚ್ ನೋಡ್ತಾರೆ. ಚಳಿಗಾಲದಿಂದ. ಟ್ಯಾಬ್ ನಾನೇ ಅಲ್ಲಿ ಚಾರ್ಜಿಗೆ ಇಡೋದು, ಫುಲ್ ಇರ್ಲಿ ಅಂತ. ಬೆಟ್ಟದೋರು ಗೆದ್ದ ದಿನ ಉಸಿರು ಬಿಡೋದೇ ಬೇರೆ ಥರ ಕೇಳ್ಸತ್ತೆ, ಅಂದರ್ ತಕ್, ಒಳಗೆ ನನ್ನ ರೂಮಿನ ತನಕ.”

“ಅಂಕಲ್ ಮ್ಯಾಚ್ ನೋಡ್ತಾರಾ?” ಎಂದಳು ಗಾನವಿ. ಎಲ್ಲರೂ ಅವನತ್ತ ತಿರುಗಿದ್ದರು. ಚಂದ್ರಮೋಹನನಿಗೆ ಒಂದು ಕ್ಷಣ ಎಲ್ಲ ಮುಚ್ಚಿಟ್ಟವರಿಗೆ ಆಗುವಂಥ ಗಾಬರಿ. ಅದರ ಕೆಳಗೆ, ಬಾಗಿಲಿನಾಚೆ ಒಬ್ಬಳು ತನ್ನ ಉಸಿರನ್ನು ಕೇಳಿಸಿಕೊಳ್ಳುತ್ತ ಮಲಗಿದ್ದಳು ಎಂಬ ಸಂತೋಷ. ಆ ಸಂತೋಷ ಎಷ್ಟು ದೊಡ್ಡದಿತ್ತೆಂದರೆ ಅವನಿಗೆ ಕೂತುಕೊಳ್ಳಬೇಕೆನ್ನಿಸಿತು. ಕೂರಲಿಲ್ಲ. ಶರಟಿನ ಕಿಸೆಯಿಂದ ಕನ್ನಡಕದ ಡಬ್ಬಿ ತೆಗೆದು, ಅದರ ಮಖಮಲ್ಲಿನ ತಳದಿಂದ ಎರಡಾಗಿ ಮಡಿಚಿದ ಒಂದು ಸಣ್ಣ ಲಕೋಟೆ ಎತ್ತಿ ಮೇಜಿನ ಮೇಲೆ ಇಟ್ಟ. “ಇದು ನನ್ನದು. ಪಾಲಕ ಬರೆಯೋ ಹಾಗಿಲ್ಲ ಅಂತ ನಾನೇ ರೂಲ್ ಮಾಡಿದ್ದು. ನಿಮ್ಮ ಲಕೋಟೆ ತಗೊಂಡ ದಿನವೇ ಬರೆದು ಮುಚ್ಚಿದೆ. ಇದನ್ನ ಲೆಕ್ಕಕ್ಕೆ ಹಿಡೀಬೇಡಿ. ಆದರೆ ಒಡೆದು ನೋಡಿ. ಸೀಲು, ತಾರೀಖು ಮೊದಲು ನೋಡ್ಕೊಳ್ಳಿ.”

ಅದಿತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅರಗು ಮುರಿದಿಲ್ಲ, ಅಂಚಿನ ಮೇಲೆ ಸಹಿ, ಸಹಿಗೆ ಬಾಲ, ಸರಣಿಯ ಹಿಂದಿನ ದಿನದ ತಾರೀಖು. ಅವಳು ತಲೆಯಾಡಿಸಿ ಕಿಶನ್ ಕೈಗೆ ಕೊಟ್ಟಳು. ಕಿಶನ್ ಒಡೆದು, ಮೊದಲು ಮನಸ್ಸಿನಲ್ಲೇ ಓದಿ, ಆಮೇಲೆ ಎಂದೂ ಇಲ್ಲದ ಗಂಭೀರ ದನಿಯಲ್ಲಿ ಗಟ್ಟಿಯಾಗಿ ಓದಿದ. “ಬೆಟ್ಟದವರು. ಏಳು ಪಂದ್ಯ. ಕಾರಣ: ಇಷ್ಟ.”

“ಅಷ್ಟೇನಾ?” ಎಂದ ಅನೂಪ.

“ಅಷ್ಟೇ ಬರ್ದಿದಾರೆ. ಇಷ್ಟ.”

ಮೂವತ್ತನಾಲ್ಕು ವರ್ಷ ಯಾವ ರೂಲು, ಯಾವ ಉಪನಿಯಮ ಎಂದು ತೋರಿಸದೆ ಒಂದು ಸಾಲೂ ಬರೆಯದವನು ಆ ಒಂದು ಪದ ಬರೆಯಲು ಅಂದು ಇಪ್ಪತ್ತು ನಿಮಿಷ ತೆಗೆದುಕೊಂಡಿದ್ದ. ಈಗ ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವಾಗ ಮೈಯೆಲ್ಲ ಮುದುಡಿದಂತಾಯಿತು. ಕಿಶನ್ ಕಾಗದವನ್ನು ಮಡಿಚಿ ಅವನಿಗೇ ವಾಪಸು ಕೊಟ್ಟ. “ಸಾರಿ ಅಂಕಲ್,” ಎಂದ. ನಂತರ ಟೀವಿಯ ಕೆಳಗಿದ್ದ ಕಿತ್ತಳೆ ಚೆಂಡನ್ನು ತೆಗೆದು ಹರಿಣಿಯ ಮಡಿಲಿಗೆ ಎಸೆದು, “ಲೇ, ಪೆನ್ ಕೊಡ್ರೋ ಅವಳಿಗೆ,” ಎಂದ.

ಗೆದ್ದವರು ಕೆಳಗಿನ ಕೋರ್ಟಿನಲ್ಲಿ ಮೊದಲ ಎಸೆತ ಎಸೆಯಬೇಕು ಎಂಬುದು ಅವರ ಪದ್ಧತಿ. ಬಿಸಿಲು ಆಗಲೇ ಏರಿತ್ತು. ಎಲ್ಲರೂ ಕೋಡುಬಳೆ ಕಡಿಯುತ್ತ ಲಿಫ್ಟಿನಲ್ಲಿ ಎರಡು ಸಲವಾಗಿ ಇಳಿದು ಸಿಮೆಂಟಿನ ಬೆಂಚಿನ ಮೇಲೂ ಅದರ ಸುತ್ತಲೂ ಕೂತರು. ಹರಿಣಿ ಚೆಂಡಿನ ಮೇಲೆ ಒಣಗುತ್ತಿದ್ದ ತನ್ನ ಸಹಿಯನ್ನು ಒಮ್ಮೆ ನೋಡಿ ಅದನ್ನು ತಂದೆಯ ಕೈಗೆ ಇಟ್ಟಳು. “ನಿಮ್ಮ ಬಿಡ್ ರಿಜೆಕ್ಟ್ ಆಗಿದೆ ಅಪ್ಪಾ, ರೂಲ್ಸ್ ಪ್ರಕಾರ. ಆದ್ರೂ ಒಂದು ಎಸೀರಿ,” ಎಂದು ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಚೆಂಡು ಅವನು ತಿಳಿದಿದ್ದಕ್ಕಿಂತ ಭಾರವಾಗಿತ್ತು. ಗೇಟಿನವನು ತನ್ನ ಕುರ್ಚಿಯನ್ನು ಇತ್ತ ತಿರುಗಿಸಿಕೊಂಡ. ಚಂದ್ರಮೋಹನ ಎರಡು ಕೈಯಲ್ಲೂ ಹಿಡಿದು, ಮಂಡಿ ಬಗ್ಗಿದಷ್ಟು ಬಗ್ಗಿಸಿ, ತನ್ನ ಶಕ್ತಿಯನ್ನೆಲ್ಲ ಹಾಕಿ ಎಸೆದ. ಅದು ಬಳೆಯ ಹತ್ತಿರವೂ ಸುಳಿಯದೆ, ಕಂಬಕ್ಕೂ ತಾಗದೆ, ಪಾರ್ಕಿಂಗಿನಲ್ಲಿದ್ದ ಯಾರದೋ ಸ್ಕೂಟರಿನ ಕಡೆ ಉರುಳಿಹೋಯಿತು. ಅವನು ಪೆಚ್ಚಾಗಿ ನಗುತ್ತ ಬೆಂಚಿನ ಕಡೆ ತಿರುಗಿದ. ಎಲ್ಲರಿಗಿಂತ ಮೊದಲು ಹರಿಣಿ ಎದ್ದು ನಿಂತಿದ್ದಳು, ಕೈಯಲ್ಲಿ ಅನೂಪನ ಮನೆಯ ಟವೆಲು ಹಿಡಿದುಕೊಂಡು.